ಹಗಲು ಕೆರೆ, ರಾತ್ರಿ ಹೊಲ: ಮಾಗಡಿಯ ಹೆಬ್ಬಾತುಗಳನ್ನು ನೋಡುವ ಬಗೆ

ಚಳಿಗಾಲದಲ್ಲಿ ಮಾಗಡಿ ಕೆರೆ ನೋಡಿಬಂದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. "ಅಬ್ಬಾ, ಎಷ್ಟೊಂದು ಹಕ್ಕಿ" ಅನ್ನುವುದು ಒಂದು. "ಆದರೆ ಸುಮ್ಮನೆ ಕೂತಿರ್ತಾವಷ್ಟೇ, ಏನೂ ಮಾಡಲ್ಲ" ಅನ್ನುವುದು ಇನ್ನೊಂದು. ಎರಡನೆಯ ಮಾತು ಹೇಳುವವರು ಹೆಚ್ಚಾಗಿ ಬೆಳಗಿನ ಹನ್ನೊಂದರ ಮೇಲೆ ಬಂದು, ಸಂಜೆ ನಾಲ್ಕರೊಳಗೆ ಮನೆ ಕಡೆ ಹೊರಟವರು. ಆ ಹೊತ್ತಿನಲ್ಲಿ ಕಾಣುವುದು ಹೆಬ್ಬಾತುಗಳ ದಿನಚರಿಯ ಅರ್ಧ ಮಾತ್ರ. ಉಳಿದರ್ಧ ನಡೆಯುವುದು ಸುತ್ತಲಿನ ಹೊಲಗಳಲ್ಲಿ, ಬಹುಪಾಲು ಕತ್ತಲಲ್ಲಿ. ಎರಡನ್ನೂ ಜೋಡಿಸಿ ನೋಡದೆ ಹೋದರೆ ಈ ಹಕ್ಕಿ ಅರ್ಥವಾಗುವುದಿಲ್ಲ, ಈ ಕೆರೆಯನ್ನು ಕಾಪಾಡುವುದು ಹೇಗೆ ಎಂಬುದೂ ಅರ್ಥವಾಗುವುದಿಲ್ಲ.

ಇದು ಬೆಂಗಳೂರಿನ ಪಕ್ಕದ ಕೆಂಪೇಗೌಡರ ಮಾಗಡಿಯಲ್ಲ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ನೀರಾವರಿಗೆಂದು ಕಟ್ಟಿದ ಸಾಧಾರಣ ಕೆರೆ. ವಿಸ್ತಾರ ಸುಮಾರು 134 ಎಕರೆ. ಇಲ್ಲಿ 166ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ, ಅವುಗಳಲ್ಲಿ 130ರಷ್ಟು ವಲಸೆ ಬರುವಂಥವು. ಪ್ರತಿ ಚಳಿಗಾಲ ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ದಕ್ಷಿಣ ಭಾರತದಲ್ಲಿ ಈ ಹಕ್ಕಿ ಚಳಿಗಾಲ ಕಳೆಯುವ ಅತಿ ದೊಡ್ಡ ನೆಲೆಗಳಲ್ಲಿ ಇದೊಂದು. 2024ರ ಜನವರಿ ಕೊನೆಯಲ್ಲಿ ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿ) ಸೇರಿದ ಭಾರತದ ಐದು ಜೌಗು ನೆಲಗಳಲ್ಲಿ ಮೂರು ನಮ್ಮವೇ: ಅಘನಾಶಿನಿ ಅಳಿವೆ, ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ, ಮತ್ತು ಮಾಗಡಿ. ಅದಕ್ಕೂ ಮೊದಲು, 2022ರಲ್ಲಿ, ರಾಜ್ಯದಿಂದ ಆ ಪಟ್ಟಿ ಸೇರಿದ್ದು ರಂಗನತಿಟ್ಟು ಒಂದೇ.

ಈಗ ಒಂದು ಸಣ್ಣ ಲೆಕ್ಕ. ಒಂದು ಹೆಬ್ಬಾತು ಎರಡರಿಂದ ಮೂರು ಕಿಲೋ ತೂಗುತ್ತದೆ. 8,000 ಹಕ್ಕಿಗಳು ಅಂದರೆ ಸುಮಾರು 20 ಟನ್ ಜೀವ. ಇಷ್ಟು ಹೊಟ್ಟೆಗಳನ್ನು ನಾಲ್ಕು ತಿಂಗಳು ಸಾಕುವಷ್ಟು ಹುಲ್ಲು 134 ಎಕರೆಯ ಕೆರೆಯ ದಡದಲ್ಲಿ ಎಲ್ಲಿಂದ ಬರಬೇಕು? ಹೆಬ್ಬಾತು ಮೀನು ತಿನ್ನುವ ಹಕ್ಕಿಯಲ್ಲ (ಈ ತಪ್ಪು ತಿಳಿವಳಿಕೆ ಸಾಕಷ್ಟು ಕಡೆ ಹರಿದಾಡುತ್ತಿದೆ). ಅದು ಮೇಯುವ ಹಕ್ಕಿ. ಹುಲ್ಲು, ಎಳೆ ಪೈರು, ಗೆಡ್ಡೆ, ಉದುರಿದ ಕಾಳು ಅದರ ಆಹಾರ. ಹಾಗಾಗಿ ಊಟ ಹೊಲದಲ್ಲಿ, ವಿಶ್ರಾಂತಿ ನೀರಿನಲ್ಲಿ. ಜನ ಓಡಾಡುವ ಹಗಲಿನಲ್ಲಿ ಬಯಲು ಹೊಲಕ್ಕಿಳಿಯುವುದು ಅಪಾಯ ಎಂದು ಅವಕ್ಕೆ ಗೊತ್ತು. ನಡುಗೆರೆಯಲ್ಲಿ ತೇಲುತ್ತಲೋ ನಡುಗಡ್ಡೆಯ ಮೇಲೆ ನಿಂತೋ ಇದ್ದರೆ ನಾಯಿ, ನರಿ, ಮನುಷ್ಯ ಯಾರೇ ಬಂದರೂ ದೂರದಿಂದಲೇ ಕಾಣುತ್ತದೆ. ಕೆರೆ ಅವುಗಳಿಗೆ ಮಲಗುವ ಕೋಣೆ. ಮಲಗಿದವರನ್ನು ನೋಡಿ "ಏನೂ ಮಾಡಲ್ಲ" ಅನ್ನುವುದು ನ್ಯಾಯವಲ್ಲ.

ಯಾವ ಹೊತ್ತಿಗೆ, ಏನನ್ನು ನೋಡಬೇಕು

ಒಳ್ಳೆಯ ಹೊತ್ತು ಎರಡು: ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಒಂಬತ್ತರವರೆಗೆ, ಮತ್ತು ಸಂಜೆ ಐದರಿಂದ ಪೂರ್ತಿ ಕತ್ತಲಾಗುವವರೆಗೆ. ಬೆಳಿಗ್ಗೆ ಹೊಲದಿಂದ ಗುಂಪುಗುಂಪಾಗಿ ವಾಪಸಾಗುತ್ತವೆ. ಮೊದಲು ಕೇಳುವುದು ದನಿ. ಮೂಗಿನಿಂದ ಹೊರಟಂಥ "ಆಂಗ್, ಆಂಗ್" ಎಂಬ ಕೂಗು, ಒಂದರ ಮೇಲೊಂದು. ಆಮೇಲೆ ಆಕಾಶದಲ್ಲಿ ಓರೆಯಾದ ಗೆರೆಗಳು. ಕೆರೆಯ ಮೇಲೆ ಬಂದ ಕೂಡಲೇ ಗೆರೆ ಒಡೆಯುತ್ತದೆ. ಎತ್ತರ ಬೇಗ ಕಳೆದುಕೊಳ್ಳಲು ಕೆಲವು ಹಕ್ಕಿಗಳು ಮೈಯನ್ನು ಪಕ್ಕಕ್ಕೆ ಹೊರಳಿಸಿ, ರೆಕ್ಕೆಯೊಳಗಿನ ಗಾಳಿ ಚೆಲ್ಲಿ, ಜಾರಿದಂತೆ ಕೆಳಗಿಳಿಯುತ್ತವೆ. ಪಾದ ಮುಂದೆ ಚಾಚಿ ನೀರು ಸೀಳಿಕೊಂಡು ನಿಲ್ಲುತ್ತವೆ. ಇದನ್ನು ಒಮ್ಮೆ ನೋಡಿದವರಿಗೆ ಬೆಳಗಿನ ನಿದ್ದೆ ಬಿಟ್ಟದ್ದು ಕಷ್ಟ ಅನಿಸುವುದಿಲ್ಲ.

ಸಂಜೆಯದು ಬೇರೆ ಬಗೆ. ಬಿಸಿಲು ಇಳಿಯುತ್ತಿದ್ದ ಹಾಗೆ ಬೆನ್ನಿಗೆ ಕೊಕ್ಕು ಹುದುಗಿಸಿ ಮಲಗಿದ್ದವು ಒಂದೊಂದಾಗಿ ತಲೆ ಎತ್ತುತ್ತವೆ. ನೀರು ಚಿಮ್ಮಿಸಿಕೊಂಡು ಮೀಯುತ್ತವೆ, ಗರಿ ತಿದ್ದುತ್ತವೆ. ಕೂಗು ಜಾಸ್ತಿಯಾಗುತ್ತದೆ. ಆಮೇಲೆ ಕುತ್ತಿಗೆ ನೆಟ್ಟಗೆ ಮಾಡಿ ತಲೆಯನ್ನು ಸಣ್ಣಗೆ ಕೊಡವುವುದು ಶುರು. ಒಂದು ಕೊಡವಿದರೆ ಪಕ್ಕದ್ದು ಕೊಡವುತ್ತದೆ, ಆ ಕುಟುಂಬ ಪೂರ್ತಿ ಕೊಡವುತ್ತದೆ. ಹೆಬ್ಬಾತುಗಳಲ್ಲಿ ಇದು ಹೊರಡುವ ಸೂಚನೆ. ಇಡೀ ಗುಂಪಿನ ಒಪ್ಪಿಗೆ ಸಿಕ್ಕ ಹಾಗೆ ಒಮ್ಮೆಲೇ ಏಳುತ್ತವೆ. ಕ್ಯಾಮೆರಾ ಹಿಡಿದವರು ರೆಕ್ಕೆ ಬಡಿತ ಕೇಳಿದ ಮೇಲೆ ಎಚ್ಚರಗೊಳ್ಳುತ್ತಾರೆ; ತಲೆ ಕೊಡವುವುದನ್ನು ಗಮನಿಸುವವರಿಗೆ ಅರ್ಧ ನಿಮಿಷ ಮೊದಲೇ ಗೊತ್ತಾಗುತ್ತದೆ.

ಗುರುತು ಹಿಡಿಯುವುದು ಸುಲಭ. ಬೂದು ಮೈ, ಬಿಳಿ ತಲೆ, ತಲೆಯ ಹಿಂಭಾಗದಲ್ಲಿ ಕಿವಿಯಿಂದ ಕಿವಿಗೆ ಸುತ್ತಿದಂತೆ ಎರಡು ಕಪ್ಪು ಪಟ್ಟೆ. ಕುತ್ತಿಗೆಯ ಹಿಂಬದಿ ಕಪ್ಪು, ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಬಿಳಿ ಗೆರೆ. ಕೊಕ್ಕು, ಕಾಲು ಹಳದಿ. ಗಂಡು ಹೆಣ್ಣುಗಳಲ್ಲಿ ನೋಟಕ್ಕೆ ವ್ಯತ್ಯಾಸವಿಲ್ಲ. ಆದರೆ ಮರಿಗಳಲ್ಲಿದೆ, ಮತ್ತು ಇದನ್ನು ನೋಡಲೇಬೇಕು. ಆ ವರ್ಷ ಹುಟ್ಟಿದ ಮರಿಗೆ ತಲೆಯ ಮೇಲೆ ಸ್ಪಷ್ಟ ಪಟ್ಟೆ ಇರುವುದಿಲ್ಲ. ನೆತ್ತಿಯಿಂದ ಕುತ್ತಿಗೆಯ ಹಿಂಭಾಗದವರೆಗೆ ಒಂದೇ ಮಾಸಲು ಕಂದುಬೂದು. ಹೆಬ್ಬಾತುಗಳಲ್ಲಿ ಮರಿಗಳು ಮೊದಲ ಚಳಿಗಾಲವನ್ನು ಅಪ್ಪ ಅಮ್ಮನ ಜೊತೆಯಲ್ಲೇ ಕಳೆಯುತ್ತವೆ. ಹಾಗಾಗಿ ಡಿಸೆಂಬರಿನಲ್ಲಿ ದುರ್ಬೀನು ಹಿಡಿದು ದೊಡ್ಡ ಗುಂಪಿನ ಒಂದು ಮೂಲೆಯನ್ನು ತಾಳ್ಮೆಯಿಂದ ನೋಡಿದರೆ, ಪಟ್ಟೆ ಇರುವ ಎರಡು, ಇಲ್ಲದ ಎರಡು ಮೂರು, ಹೀಗೆ ಕುಟುಂಬಗಳು ಬೇರೆಬೇರೆಯಾಗಿ ಕಾಣತೊಡಗುತ್ತವೆ. ನೂರು ಹಕ್ಕಿಗಳಲ್ಲಿ ಪಟ್ಟೆಯಿಲ್ಲದವು ಎಷ್ಟು ಎಂದು ಎಣಿಸಿದರೆ, ಸಾವಿರಾರು ಕಿಲೋಮೀಟರ್ ಆಚೆಯ ಸರೋವರಗಳಲ್ಲಿ ಆ ವರ್ಷ ಮರಿಗಾಲ ಹೇಗಿತ್ತು ಎಂಬುದರ ಅಂದಾಜು ನಮ್ಮೂರಿನ ಕೆರೆ ಏರಿಯ ಮೇಲೆ ನಿಂತೇ ಸಿಗುತ್ತದೆ. ಫೆಬ್ರುವರಿ ಹೊತ್ತಿಗೆ ಮರಿಗಳಿಗೂ ಪಟ್ಟೆ ಮೂಡಲು ಶುರುವಾಗುವುದರಿಂದ ಈ ಎಣಿಕೆಗೆ ನವೆಂಬರ್, ಡಿಸೆಂಬರ್ ಸರಿಯಾದ ಕಾಲ.

ಗುಂಪಿನ ಅಂಚಿನಲ್ಲಿ ಕೆಲವು ಹಕ್ಕಿಗಳು ಸದಾ ಕುತ್ತಿಗೆ ಎತ್ತಿ ನಿಂತಿರುತ್ತವೆ. ಅವು ಕಾವಲಿನವು. ನೀವು ಮುಂದೆ ಮುಂದೆ ಹೋದಂತೆ ಎತ್ತಿದ ಕುತ್ತಿಗೆಗಳ ಸಂಖ್ಯೆ ಹೆಚ್ಚಿದರೆ, ಅಲ್ಲಿಗೆ ನಿಲ್ಲಬೇಕು ಅಂತ ಅರ್ಥ. ಒಮ್ಮೆ ಎಬ್ಬಿಸಿದರೆ ಇಡೀ ಗುಂಪು ಹಾರಿ ಸುತ್ತು ಹೊಡೆದು ಮತ್ತೆ ಕೂರುತ್ತದೆ. ಅದಕ್ಕೆ ಖರ್ಚಾಗುವುದು ರಾತ್ರಿ ಮೇಯ್ದು ಕೂಡಿಟ್ಟ ಕೊಬ್ಬು, ಮಾರ್ಚಿನಲ್ಲಿ ಹಿಮಾಲಯ ದಾಟಲು ಬೇಕಾದ ಕೊಬ್ಬು. "ಒಂದು ಹಾರುವ ಫೋಟೊ" ಬೇಕೆಂದು ಚಪ್ಪಾಳೆ ತಟ್ಟುವವರನ್ನು, ಡ್ರೋನ್ ಏರಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಲ್ಲೇ ಕಾದು ಕೂತರೆ ಸಂಜೆ ತಾವಾಗಿಯೇ ಹಾರುತ್ತವೆ.

ನಡುವೆ ಹಿಮಾಲಯವಿದೆ

ಪಟ್ಟೆತಲೆ ಹೆಬ್ಬಾತುಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಚೀನಾದ ಚಿಂಗ್‌ಹಾಯ್, ಕಿರ್ಗಿಸ್ತಾನಗಳ ಎತ್ತರದ ಸರೋವರಗಳ ಬಳಿ. ನಮ್ಮ ಲಡಾಖಿನ ತ್ಸೋ ಮೊರಿರಿ, ತ್ಸೋ ಕರ್ ಸರೋವರಗಳಲ್ಲೂ ಗೂಡು ಕಟ್ಟುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ನೇರ ಗೆರೆ ಎಳೆದು ಅಳೆದರೂ ಅಲ್ಲಿಂದ ಇಲ್ಲಿಗೆ ನಾಲ್ಕು ಸಾವಿರ ಕಿಲೋಮೀಟರ್ ಮೀರುತ್ತದೆ. ಆ ಗೆರೆಗೆ ಅಡ್ಡಲಾಗಿ ಜಗತ್ತಿನ ಅತಿ ಎತ್ತರದ ಪರ್ವತಸಾಲು ನಿಂತಿದೆ.

ಈ ಹಕ್ಕಿಗಳು ಎವರೆಸ್ಟ್ ಶಿಖರದ ಮೇಲಿಂದಲೇ ಹಾರುತ್ತವೆ ಎಂಬ ಮಾತು ಬಹಳ ಹಳೆಯದು. ಉಪಗ್ರಹ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ತಿಳಿದದ್ದು ಬೇರೆ, ಮತ್ತು ನನ್ನ ಮಟ್ಟಿಗೆ ಎವರೆಸ್ಟ್ ಕತೆಗಿಂತ ಅದೇ ಹೆಚ್ಚು ಸೋಜಿಗದ್ದು. ಭಾರತ ಮತ್ತು ಮಂಗೋಲಿಯಾದಲ್ಲಿ ಹಿಡಿದು ಟ್ರಾನ್ಸ್‌ಮಿಟರ್ ಕಟ್ಟಿದ ಹಕ್ಕಿಗಳ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಉತ್ತರಕ್ಕೆ ಮರಳುವಾಗ ಅವು ತಪ್ಪಲಿನ ಬಯಲಿನಿಂದ ಏಳೆಂಟು ಗಂಟೆಗಳ ಒಂದೇ ಹಾರಾಟದಲ್ಲಿ ಪರ್ವತ ದಾಟುತ್ತವೆ. ನಡುವೆ ಎಲ್ಲೂ ತಂಗಿ ಎತ್ತರಕ್ಕೆ ಮೈ ಹೊಂದಿಸಿಕೊಳ್ಳುವುದಿಲ್ಲ. ಪರ್ವತ ಏರುವ ಮನುಷ್ಯರು ಇದೇ ಹೊಂದಾಣಿಕೆಗೆ ವಾರಗಟ್ಟಲೆ ಕಾಯುತ್ತಾರೆ.

ಇನ್ನೂ ವಿಶೇಷವೆಂದರೆ, ಮಧ್ಯಾಹ್ನದ ಹೊತ್ತು ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಯ ಬೆಂಬಲವನ್ನು ಬಿಟ್ಟು, ರಾತ್ರಿ ಮತ್ತು ನಸುಕಿನಲ್ಲಿ ಹಾರುತ್ತವೆ. ಪುಕ್ಕಟೆ ಸಿಗುವ ಗಾಳಿಯನ್ನು ಬಿಡುವುದು ಯಾಕೆ? ತಣ್ಣನೆಯ ಗಾಳಿ ಹೆಚ್ಚು ಸಾಂದ್ರ. ರೆಕ್ಕೆಗೆ ಹೆಚ್ಚು ಆಧಾರ ಸಿಗುತ್ತದೆ, ಪ್ರತಿ ಉಸಿರಿಗೆ ಸ್ವಲ್ಪ ಹೆಚ್ಚು ಆಮ್ಲಜನಕ ಸಿಗುತ್ತದೆ, ಹಗಲಿನ ಸುಳಿಗಾಳಿಯ ಅಪಾಯವೂ ಇರುವುದಿಲ್ಲ.

2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. ಆದರೆ ಬಹುತೇಕ ಎಲ್ಲ ದಾಖಲೆಗಳೂ 5,500 ಮೀಟರಿನ ಕೆಳಗಿನವು. ಅಂದರೆ ಅವು ಶಿಖರ ಹುಡುಕಿಕೊಂಡು ಹೋಗುವುದಿಲ್ಲ, ಕಣಿವೆ ಮತ್ತು ಘಟ್ಟದ ದಾರಿ ಹುಡುಕುತ್ತವೆ. 2015ರ ಸಂಶೋಧನೆಯಲ್ಲಿ ಹಕ್ಕಿಗಳ ಮೈಯೊಳಗೇ ಪುಟ್ಟ ಉಪಕರಣ ಇಟ್ಟು ಹೃದಯ ಬಡಿತ, ರೆಕ್ಕೆ ಬಡಿತ ಎರಡನ್ನೂ ಅಳೆದರು. ನೆಲ ಏರಿದರೆ ಏರುತ್ತ, ನೆಲ ಇಳಿದರೆ ಇಳಿಯುತ್ತ, ಭೂಮಿಯ ಉಬ್ಬುತಗ್ಗಿಗೆ ಅಂಟಿಕೊಂಡೇ ಹಾರುತ್ತವೆ ಎಂದು ಅದರಲ್ಲಿ ಗೊತ್ತಾಯಿತು. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಮತ್ತೆ ಕಳೆದುಕೊಳ್ಳುವುದು ದಂಡ ಅನಿಸಬಹುದು. ಲೆಕ್ಕ ಹಾಕಿದರೆ ಹಾಗಲ್ಲ. ಗಾಳಿ ತೆಳುವಾದಷ್ಟೂ ರೆಕ್ಕೆಯನ್ನು ಬೇಗ ಬಡಿಯಬೇಕು. ರೆಕ್ಕೆ ಬಡಿತದ ವೇಗ ಸ್ವಲ್ಪ ಏರಿದರೂ ಬೇಕಾಗುವ ಶಕ್ತಿ ಹಲವು ಪಟ್ಟು ಹೆಚ್ಚಿನ ದರದಲ್ಲಿ ಏರುತ್ತದೆ. ಒಂದೇ ಎತ್ತರದಲ್ಲಿ ಮೇಲೆಯೇ ಉಳಿಯುವುದಕ್ಕಿಂತ ಇಳಿದು ಮತ್ತೆ ಏರುವುದೇ ಅಗ್ಗ.

5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ನಾವು ಅಲ್ಲಿ ನಾಲ್ಕು ಹೆಜ್ಜೆ ಏರಿದರೆ ಏದುಸಿರು. ಹೆಬ್ಬಾತು ಅಲ್ಲಿ ಹಾರುತ್ತದೆ, ಅದೂ ಹದ್ದಿನಂತೆ ರೆಕ್ಕೆ ಹರಡಿ ತೇಲದೆ, ದಾರಿಯುದ್ದಕ್ಕೂ ಬಡಿಯುತ್ತಲೇ. ಇದಕ್ಕೆ ಒಂದೇ ಗುಟ್ಟು ಇಲ್ಲ, ಸಣ್ಣ ಸಣ್ಣ ಅನುಕೂಲಗಳ ಸರಪಳಿ ಇದೆ. ಹಕ್ಕಿಗಳೆಲ್ಲಕ್ಕೂ ಶ್ವಾಸಕೋಶದಲ್ಲಿ ಗಾಳಿ ಒಂದೇ ದಿಕ್ಕಿಗೆ ಹರಿಯುವ ಏರ್ಪಾಡಿದೆ. ನಮ್ಮಂತೆ ಹಳೆಯ ಗಾಳಿ ಹೊಸದರೊಂದಿಗೆ ಬೆರೆಯುವುದಿಲ್ಲ. ಅದರ ಮೇಲೆ ಈ ಹೆಬ್ಬಾತಿನ ಶ್ವಾಸಕೋಶ ಅದರ ಬಂಧುಗಳಿಗಿಂತ ದೊಡ್ಡದು, ಉಸಿರು ಹೆಚ್ಚು ಆಳ. ರಕ್ತದ ಹಿಮೋಗ್ಲೋಬಿನ್ ಅಣುವಿನಲ್ಲಿ ಒಂದು ಕಡೆ, ಆಲ್ಫಾ ಸರಪಳಿಯ 119ನೆಯ ಸ್ಥಾನದಲ್ಲಿ, ಪ್ರೋಲೀನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಅಲನೀನ್ ಎಂಬ ಇನ್ನೊಂದು ಇದೆ. ಇಷ್ಟು ಸಣ್ಣ ಬದಲಾವಣೆಯಿಂದಲೇ ಅದು ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಹಿಡಿಯುತ್ತದೆ. ಹಾರಾಟದ ಸ್ನಾಯುಗಳಲ್ಲಿ ಲೋಮನಾಳಗಳ ಜಾಲ ಹೆಚ್ಚು ದಟ್ಟ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಆ ಲೋಮನಾಳಗಳಿಗೆ ಹತ್ತಿರವಾಗಿ ಜೋಡಣೆಗೊಂಡಿವೆ. ಗಾಳಿಯಿಂದ ಸ್ನಾಯುವಿನವರೆಗೆ ಆಮ್ಲಜನಕ ಸಾಗುವ ದಾರಿಯ ಪ್ರತಿ ಹಂತದಲ್ಲೂ ಏನೋ ಒಂದಿಷ್ಟು ಉಳಿತಾಯ.

ಜೆಸ್ಸಿಕಾ ಮೇರ್ ಎಂಬ ವಿಜ್ಞಾನಿ ಈ ಹೆಬ್ಬಾತಿನ ಮರಿಗಳನ್ನು ಮೊಟ್ಟೆಯೊಡೆದ ದಿನದಿಂದ ತಾವೇ ಸಾಕಿ, ಗಾಳಿಸುರಂಗದಲ್ಲಿ ಹಾರಲು ಕಲಿಸಿ, ಮುಖಕ್ಕೆ ಪುಟ್ಟ ಮುಖವಾಡ ತೊಡಿಸಿ ಕಡಿಮೆ ಆಮ್ಲಜನಕದಲ್ಲಿ ಹಾರಿಸಿ ನೋಡಿದರು. ಆಮ್ಲಜನಕ ಕಡಿಮೆಯಾದಾಗ ಅವು ಹೃದಯವನ್ನು ಇನ್ನಷ್ಟು ಜೋರಾಗಿ ಓಡಿಸಲಿಲ್ಲ. ಒಟ್ಟು ಶಕ್ತಿಯ ಬಳಕೆಯನ್ನೇ ತಗ್ಗಿಸಿಕೊಂಡು ಹಾರಿದವು. ಆ ಅಧ್ಯಯನ ಪ್ರಕಟವಾದ 2019ರಲ್ಲೇ ಮೇರ್ ಗಗನಯಾತ್ರಿಯಾಗಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು.

ನೀರು ಎಷ್ಟು ಆಳ, ಅಲ್ಲಿ ಯಾವ ಹಕ್ಕಿ

ಹೆಬ್ಬಾತುಗಳ ಗದ್ದಲದಲ್ಲಿ ಉಳಿದ ಹಕ್ಕಿಗಳನ್ನು ಮರೆಯಬಾರದು. ಹೊಸಬರು ಪುಸ್ತಕ ತೆರೆದು ಹೆಸರು ಹುಡುಕಲು ಶುರುಮಾಡಿ ಸುಸ್ತಾಗುತ್ತಾರೆ. ಅದಕ್ಕಿಂತ ನೀರಿನ ಆಳ ನೋಡಿ. ಆಳ ತಿಳಿದರೆ ಅರ್ಧ ಗುರುತು ಹಿಡಿದಂತೆ, ಏಕೆಂದರೆ ಪ್ರತಿ ಹಕ್ಕಿಯ ಕಾಲು ಕೊಕ್ಕುಗಳು ಅದು ಎಷ್ಟು ನೀರಿನಲ್ಲಿ ಉಣ್ಣಬಲ್ಲದು ಎಂಬುದನ್ನು ನಿರ್ಧರಿಸುತ್ತವೆ.

ದಡದ ಹಸಿ ಕೆಸರಿನಲ್ಲಿ ಬಾಲ ಕುಣಿಸುತ್ತ ಓಡುವುದು ಕುಂಡೆಕುಸ್ಕ. ಅದರ ಜೊತೆ ಗದ್ದೆಗೊರವಗಳು, ಕೆಸರಿಗೆ ಕೊಕ್ಕು ಚುಚ್ಚಿ ಹುಳ ತೆಗೆಯುವಂಥವು. ಕೊಕ್ಕಿನ ಉದ್ದ ಬೇರೆಯಾದ್ದರಿಂದ ಒಂದೇ ಕೆಸರಿನಲ್ಲಿ ಬೇರೆಬೇರೆ ಆಳದ ಹುಳಗಳನ್ನು ಹಂಚಿಕೊಂಡು ತಿನ್ನುತ್ತವೆ. ಹಿಮ್ಮಡಿ ಮುಳುಗುವ ನೀರಿನಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಬೆಳ್ಳಕ್ಕಿ, ಕೆಂಬರಲು. ಚಮಚ ಕೊಕ್ಕಿನ ಕೊಕ್ಕರೆ ಇನ್ನೂ ಸ್ವಲ್ಪ ಒಳಗೆ, ಕೊಕ್ಕನ್ನು ಅರೆ ತೆರೆದು ಎಡಬಲ ಆಡಿಸುತ್ತ ನಡೆಯುತ್ತದೆ. ಬಣ್ಣದ ಕೊಕ್ಕರೆಯೂ ಅಲ್ಲೇ.

ಅಲ್ಲಿಂದ ಮುಂದೆ ಬಾತುಗಳ ಸೀಮೆ. ಸೂಜಿಬಾಲದ ಬಾತು, ಬಿಳಿ ಹುಬ್ಬಿನ ಬಾತು, ನಮ್ಮಲ್ಲೇ ಇರುವ ವರಟೆ, ಇವು ಮುಳುಗುವುದಿಲ್ಲ. ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಕುತ್ತಿಗೆಗೆ ಎಟುಕುವಷ್ಟು ಆಳದ ಕಾಳು, ಬೇರು ತಿನ್ನುತ್ತವೆ. ಒಂದು ಮೊಳಕ್ಕಿಂತ ಆಳವಾದರೆ ಅವಕ್ಕೆ ಏನೂ ಎಟುಕದು. ಸಲಿಕೆ ಕೊಕ್ಕಿನ ಶವೆಲರ್ ಬಾತುಗಳು ನೀರಿನ ಮೇಲ್ಮೈಯನ್ನೇ ಸೋಸುತ್ತವೆ. ಕೊಕ್ಕಿನ ಅಂಚಿನ ಸಣ್ಣ ಹಲ್ಲಿನಂಥ ಏಣುಗಳಲ್ಲಿ ನೀರು ಹೊರಹೋಗಿ ಹುಳುಬೀಜ ಒಳಗುಳಿಯುತ್ತದೆ. ಹತ್ತಾರು ಶವೆಲರ್‌ಗಳು ಒಂದರ ಹಿಂದೊಂದು ಸುತ್ತುತ್ತಿದ್ದರೆ ನಿಂತು ನೋಡಿ: ಮುಂದಿನದರ ಕಾಲು ಕಲಕಿದ ಆಹಾರ ಹಿಂದಿನದರ ಕೊಕ್ಕಿಗೆ. ಕೆಂಪು ತಲೆಯ ಪೋಚಾರ್ಡ್ ಬಾತು, ಗುಳುಮುಳುಕ, ನೀರುಕಾಗೆ, ಹಾವಕ್ಕಿ ಪೂರ್ತಿ ಮುಳುಗುವಂಥವು. ಅವಕ್ಕೆ ಆಳ ಬೇಕು. ಹಣೆಯ ಮೇಲೆ ಬಿಳಿ ನಾಮ ಇರುವ ಕರಿಯ ನಾಮದ ಕೋಳಿಗಳನ್ನು ಬಾತು ಎಂದು ಎಣಿಸುವವರು ಬಹಳ. ಅವು ಬಾತಿನ ಕುಲವೇ ಅಲ್ಲ. ಹಾರುವ ಮೊದಲು ನೀರಿನ ಮೇಲೆ ದೂರದವರೆಗೆ ಓಡುತ್ತವೆ. ಮುಳುಗುವ ಬಾತುಗಳೂ ಹೀಗೇ ಓಡಿ ಏಳುತ್ತವೆ. ಮುಳುಗದ ಬಾತುಗಳು ನಿಂತಲ್ಲಿಂದ ನೇರ ಮೇಲಕ್ಕೆ ಚಿಮ್ಮುತ್ತವೆ. ಹಳಗನ್ನಡ ಕಾವ್ಯಗಳಲ್ಲಿ ವಿರಹಕ್ಕೆ ಹೆಸರಾದ ಜಕ್ಕವಕ್ಕಿ, ಕಿತ್ತಳೆ ಮೈಯ ಬ್ರಾಹ್ಮಣಿ ಬಾತು, ಉತ್ತರ ಕರ್ನಾಟಕದ ಕೆರೆಗಳಿಗೆ ಚಳಿಗಾಲದಲ್ಲಿ ಬರುತ್ತದೆ. ಸಾಮಾನ್ಯವಾಗಿ ಜೋಡಿಯಾಗಿ.

ಒಂದು ಕಿವಿಮಾತು. ಅಕ್ಟೋಬರ್, ನವೆಂಬರಿನಲ್ಲಿ ಬಂದಿಳಿಯುವ ಗಂಡು ಬಾತುಗಳು ಪುಸ್ತಕದ ಚಿತ್ರದಂತೆ ಇರುವುದಿಲ್ಲ. ಬೇಸಿಗೆಯಲ್ಲಿ ಗರಿ ಉದುರಿಸಿ ಹೆಣ್ಣಿನಂತೆಯೇ ಮಾಸಲು ಬಣ್ಣದಲ್ಲಿರುತ್ತವೆ. ಜನವರಿಯ ಹೊತ್ತಿಗೆ ಬಣ್ಣ ತುಂಬಿಕೊಳ್ಳುತ್ತವೆ. ಮೊದಲ ಸಲ ನೋಡುವವರು ಜನವರಿಗೇ ಹೋಗಲಿ. ಸೂರ್ಯ ಬೆನ್ನ ಹಿಂದೆ ಇರುವ ಕಡೆ ನಿಲ್ಲಬೇಕು. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕರಿಯ ನೆರಳೇ. 8x42 ದುರ್ಬೀನು (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮುಂಗಾಜಿನದು) ಸಾಕು, ಕೈ ಅಲುಗದವರು 10x42 ತೆಗೆದುಕೊಳ್ಳಬಹುದು.

ಆಳದ ಈ ಲೆಕ್ಕ ಹೇಳಿದ್ದಕ್ಕೆ ಇನ್ನೊಂದು ಕಾರಣವಿದೆ. ಮುಂಗಾರು ಮುಗಿದು ಕೋಡಿ ಬಿದ್ದ ಕೆರೆ ನೋಡಲು ಚೆಂದ, ಆದರೆ ಆಗ ಕೆಸರಿನ ದಡ ಇರುವುದಿಲ್ಲ, ಹಾಗಾಗಿ ಗೊರವಗಳೂ ಕಡಿಮೆ. ತೂಬಿನಿಂದ ನೀರು ಹೊಲಕ್ಕೆ ಹರಿದು ಕೆರೆ ಇಳಿಯುತ್ತ ಹೋದಂತೆ ದಿನಕ್ಕೊಂದಿಷ್ಟು ಹೊಸ ಕೆಸರು ತೆರೆದುಕೊಳ್ಳುತ್ತದೆ. ವಲಸೆ ಹಕ್ಕಿಗಳಿಗೆ ಬೇಕಾದದ್ದು ಇದೇ ಇಳಿತ. ನೀರಾವರಿಗೆ ಕಟ್ಟಿದ ಬಯಲುಸೀಮೆಯ ಕೆರೆಗಳು ಹಕ್ಕಿಗಳಿಗೆ ಒಗ್ಗಿದ್ದು ಅವು ಅಗಲವಾಗಿ, ತೆಳುವಾಗಿ, ತಟ್ಟೆಯ ಹಾಗೆ ಇರುವುದರಿಂದ. ಅಭಿವೃದ್ಧಿಯ ಹೆಸರಲ್ಲಿ ಯಂತ್ರ ಇಳಿಸಿ ಸುತ್ತಲೂ ಸಮನಾಗಿ ಆಳ ತೋಡಿ, ದಡವನ್ನು ಕಡಿದಾಗಿಸಿ ಕಲ್ಲು ಹಾಸಿ, ಮೇಲೆ ನಡಿಗೆ ಪಥ ಮಾಡಿದರೆ ನೀರು ಉಳಿಯುತ್ತದೆ, ಮೊಳದುದ್ದದ ಆಳ ಉಳಿಯುವುದಿಲ್ಲ. ಹೂಳು ತೆಗೆಯಬಾರದು ಎನ್ನುತ್ತಿಲ್ಲ. ರೈತರಿಗೆ ಗೋಡುಮಣ್ಣು ಬೇಕು, ಕೆರೆಗೆ ನೀರು ಹಿಡಿಯುವ ಶಕ್ತಿ ಬೇಕು. ಏರಿಯ ಕಡೆ, ಮೊದಲೇ ಆಳವಿರುವಲ್ಲಿ ತೆಗೆದು, ಎದುರಿನ ಅಂಗಳದ ಇಳಿಜಾರನ್ನು ಹಾಗೆಯೇ ಬಿಟ್ಟರೆ ಇಬ್ಬರಿಗೂ ಆಗುತ್ತದೆ.

ಹೊಲದವರ ಮಾತು

ಕೆರೆಯಿಂದ ಸ್ವಲ್ಪ ದೂರದಲ್ಲಿ ಕಡಲೆ ಹಾಕಿದ್ದ ಹಿರಿಯರೊಬ್ಬರ ಜೊತೆ ಸಂಜೆ ಹೊತ್ತು ಬದುವಿನ ಮೇಲೆ ಕೂತು ಮಾತಾಡುತ್ತಿದ್ದೆ.

"ಹಗಲ ಹೊತ್ತು ಇಳಿಯಂಗಿಲ್ಲ ತಮ್ಮಾ. ನಾವು ಮನಿ ಕಡೆ ಹೋದ್ವಿ ಅಂದ್ರ ಬರ್ತಾವ. ಮುಂಜಾನೆ ನೋಡಿದ್ರ ಸಾಲಿಗೆ ಸಾಲು ಕುಡಿ ಇರಂಗಿಲ್ಲ."

"ಓಡಸ್ತೀರೇನ್ರಿ ಕಾಕಾ?"

"ಡಬ್ಬಿ ಬಡೀತೀವಿ. ಹೊಡ್ಯಂಗಿಲ್ಲ. ಅಷ್ಟು ದೂರದಿಂದ ಬಂದಾವ, ಹೊಡ್ಯಾಕ ಕೈ ಬರ್ತದೇನು?"

ಈ ಮಾತಿನ ಮೇಲೆ ಈ ಕೆರೆ ನಿಂತಿದೆ. ಶೇಂಗಾ, ಕಡಲೆ, ಗೋಧಿ, ಯಾವುದು ಎಳೆಯದೋ ಅದನ್ನು ಮೇಯುತ್ತವೆ. ಕೊಯ್ಲಾದ ಹೊಲದಲ್ಲಿ ಬಿದ್ದ ಕಾಳು ಆಯುತ್ತವೆ. ಆಯ್ದುಕೊಳ್ಳುವುದರಿಂದ ನಷ್ಟವಿಲ್ಲ. ಎಳೆ ಪೈರು ಮೇಯುವುದರಿಂದ ನಷ್ಟ ಎಷ್ಟು ಅನ್ನುವುದು ಹೊತ್ತಿನ ಮೇಲೆ ಹೋಗುತ್ತದೆ. ಕಡಲೆಯ ಕುಡಿಯನ್ನು ತಿಂಗಳ ಪೈರಿನಲ್ಲಿ ರೈತರೇ ಚಿವುಟುತ್ತಾರೆ, ಕವಲು ಹೆಚ್ಚು ಒಡೆಯಲಿ ಎಂದು. ಹೆಬ್ಬಾತು ಅಷ್ಟಕ್ಕೇ ನಿಲ್ಲಿಸಿದರೆ ಸರಿ. ನೂರಾರು ಹಕ್ಕಿ ಒಂದೇ ಹೊಲಕ್ಕೆ ದಿನವೂ ಇಳಿದರೆ, ಅಥವಾ ಹೂ ಕಟ್ಟುವ ಹೊತ್ತಿಗೆ ಬಂದರೆ, ಆ ಹೊಲದವರಿಗೆ ಪೆಟ್ಟೇ. ನಷ್ಟ ಊರಿಗೆಲ್ಲ ಸಮನಾಗಿ ಹಂಚುವುದಿಲ್ಲ, ಕೆರೆಗೆ ಹತ್ತಿರದ ಕೆಲವರ ಮೇಲೆ ಬೀಳುತ್ತದೆ. ತಿಂದದ್ದರಲ್ಲಿ ಒಂದು ಪಾಲು ಹಿಕ್ಕೆಯಾಗಿ ಕೆರೆ ಸೇರಿ, ಸಾರಜನಕ ರಂಜಕಗಳಾಗಿ ನೀರಿನ ಜೊತೆ ಮತ್ತೆ ಹೊಲಕ್ಕೆ ಬರುತ್ತದೆ ಅನ್ನುವುದೂ ನಿಜ. ಆದರೆ ಕೆರೆಯಲ್ಲಿ ನೀರು ಕಡಿಮೆ, ಹಕ್ಕಿ ಹೆಚ್ಚು ಇದ್ದ ವರ್ಷ ಅದೇ ಗೊಬ್ಬರದಿಂದ ನೀರು ಪಾಚಿಗಟ್ಟುತ್ತದೆ.

ಕಾನೂನು ಇಲ್ಲಿ ಕೆರೆಯ ಅಂಚಿಗೆ ಬಂದು ನಿಲ್ಲುತ್ತದೆ. ಮಾಗಡಿ ಒಂದು ಸಂರಕ್ಷಣಾ ಮೀಸಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿಸಿದ 36ಎ ಕಲಮಿನಡಿ ಇಂಥ ಮೀಸಲನ್ನು ಘೋಷಿಸಬಹುದಾದದ್ದು ಸರ್ಕಾರಿ ಜಮೀನಿನಲ್ಲಿ ಮಾತ್ರ, ಅದೂ ಅಲ್ಲಿನ ಜನರ ಜೊತೆ ಸಮಾಲೋಚಿಸಿ. ಕೆರೆ ಅದರೊಳಗೆ ಬರುತ್ತದೆ. ಹಕ್ಕಿಗಳ ಊಟದ ತಾಣವಾದ ಖಾಸಗಿ ಹೊಲ ಬರುವುದಿಲ್ಲ, ಬರಲೂಬಾರದು. ರೈತನ ಹೊಲಕ್ಕೆ ನಿರ್ಬಂಧ ಹಾಕಿ ಹಕ್ಕಿ ಉಳಿಸುವುದು ಆಗದ ಮಾತು. ಆದರೆ ರಾಮ್ಸರ್ ಫಲಕ ನೆಟ್ಟು, ಏರಿಗೆ ಬೇಲಿ ಹಾಕಿ, ವೀಕ್ಷಣಾ ಗೋಪುರ ಕಟ್ಟಿದರೆ ಮುಗಿಯಿತು ಅಂದುಕೊಂಡರೆ ನಾವು ಮಲಗುವ ಕೋಣೆಯನ್ನಷ್ಟೇ ಕಾಪಾಡಿದಂತೆ. ಮೇವಿನ ಹೊಲದವರಿಗೆ ನಷ್ಟ ಪರಿಹಾರ, ಅಥವಾ ಕೆರೆಯ ಪ್ರವಾಸದಿಂದ ಬರುವ ಆದಾಯದಲ್ಲಿ ನೇರ ಪಾಲು, ಇದರಲ್ಲಿ ಒಂದಾದರೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡಬ್ಬಿ ಬಡಿಯುವ ಕೈ ಕಾಳಿಗೆ ವಿಷ ಬೆರೆಸದಿರುವುದು ಅವರ ದೊಡ್ಡತನ. ಆ ದೊಡ್ಡತನದ ಖರ್ಚನ್ನು ಅವರೊಬ್ಬರೇ ಹೊರಬೇಕಾಗಿ ಬಂದಿರುವುದು ಸರಿಯಲ್ಲ. ಮುಸ್ಸಂಜೆ ಕೆರೆಯಿಂದ ಹೊಲಕ್ಕೆ ತಗ್ಗಾಗಿ ಹಾರುವ ದಾರಿಯಲ್ಲಿ ಹೊಸ ವಿದ್ಯುತ್ ತಂತಿ ಎಳೆಯುವ ಮೊದಲು ಹಕ್ಕಿಗಳ ದಾರಿ ಗುರುತಿಸುವುದೂ ಇದೇ ಕೆಲಸದ ಭಾಗ.

ಹಕ್ಕಿಜ್ವರದ ವಿಷಯವನ್ನೂ ಹೇಳಬೇಕು. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಎಚ್5ಎನ್1 ವೈರಸ್ಸಿನಿಂದ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅತಿ ಹೆಚ್ಚು ಸತ್ತದ್ದು ಪಟ್ಟೆತಲೆ ಹೆಬ್ಬಾತುಗಳೇ. ಹಾಗೆಂದು ದಡದಲ್ಲಿ ನಿಂತು ನೋಡುವುದಕ್ಕೆ ಹೆದರಬೇಕಿಲ್ಲ. ಸತ್ತ ಅಥವಾ ತೂರಾಡುತ್ತಿರುವ ಹಕ್ಕಿ ಕಂಡರೆ ಮುಟ್ಟಬೇಡಿ, ನಾಯಿ ಎಳೆಯದಂತೆ ನೋಡಿಕೊಂಡು ಪಶುಸಂಗೋಪನಾ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಮನೆಯ ಕೋಳಿಗಳನ್ನು ಕೆರೆ ದಡಕ್ಕೆ ಬಿಡದಿದ್ದರೆ ಒಳ್ಳೆಯದು.

ನೋಡುವ ಅಭ್ಯಾಸ ಆದ ಮೇಲೆ ಎಣಿಸುವುದನ್ನೂ ಕಲಿಯಿರಿ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ, ಅದರಲ್ಲಿ ಹವ್ಯಾಸಿಗಳೇ ಹೆಚ್ಚು. ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲು ಹೋಗಬಾರದು. ಮೊದಲು ಇಪ್ಪತ್ತು ಹಕ್ಕಿ ಎಣಿಸಿ, ಅವು ದುರ್ಬೀನಿನಲ್ಲಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಿಗೆ ಕೂರಿಸಿಕೊಂಡು, ಆ ಅಳತೆಯಲ್ಲಿ ಗುಂಪನ್ನು ಎಡದಿಂದ ಬಲಕ್ಕೆ ಅಳೆಯುತ್ತ ಹೋಗಬೇಕು. ಬಲದಿಂದ ಎಡಕ್ಕೆ ಇನ್ನೊಮ್ಮೆ. ಇಬ್ಬರು ಬೇರೆಬೇರೆಯಾಗಿ ಎಣಿಸಿ ಹೋಲಿಸಿದರೆ ಇನ್ನೂ ಒಳಿತು. ಹೀಗೆ ಎಣಿಸುವಾಗಲೇ ಒಮ್ಮೊಮ್ಮೆ ಕೊರಳಪಟ್ಟಿ ತೊಟ್ಟ ಹೆಬ್ಬಾತು ಕಣ್ಣಿಗೆ ಬೀಳುತ್ತದೆ. ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ದಿನ, ಹೊತ್ತು, ಕೆರೆಯ ಹೆಸರು, ಜೊತೆಗಿದ್ದ ಮರಿಗಳ ಸಂಖ್ಯೆ ಇಷ್ಟನ್ನು ಬರೆದುಕೊಂಡು, ಸಾಧ್ಯವಾದರೆ ಒಂದು ಚಿತ್ರದ ಜೊತೆ, ಭಾರತದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ಕೆಲಸ ನೋಡಿಕೊಳ್ಳುವ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ, ಹಕ್ಕಿ ನೋಟಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲೂ ಹಾಕಿ. ಪಟ್ಟಿ ತೊಡಿಸಿದ ತಂಡ ಯಾವುದೆಂದು ಪತ್ತೆಯಾದರೆ ಆ ಹಕ್ಕಿ ಯಾವ ಸರೋವರದ್ದು, ಯಾವ ವರ್ಷ ಪಟ್ಟಿ ಹಾಕಿದ್ದು ಎಂಬ ವಿವರ ನಿಮಗೂ ಸಿಗಬಹುದು.